ಷಡ್ಡಕನ ಟೈರುಗಳು

ನಾನು ಜೀವನದಲ್ಲಿ ಅತಿ ಹೆಚ್ಚು ಹೊಟ್ಟೆಕಿಚ್ಚು ಪಟ್ಟಿದ್ದು ಯಾರ ಮನೆಯ ಮೇಲೂ ಅಲ್ಲ, ಬಡ್ತಿಯ ಮೇಲೂ ಅಲ್ಲ. ಎರಡು ಟೈರುಗಳ ಮೇಲೆ. ಹೇಳಿದರೆ ಜನ ನಗುತ್ತಾರೆಂದು ಇಷ್ಟು ವರ್ಷ ಹೇಳಿರಲಿಲ್ಲ. ಈಗ ವಯಸ್ಸಾಗಿದೆ, ನಕ್ಕರೆ ನಗಲಿ.

ಎಂಬತ್ತರ ದಶಕದ ನಡುವಿನ ಮಾತು. ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಮಾವನವರದು ತರೀಕೆರೆಯಲ್ಲಿ ಟೈರಿನ ಅಂಗಡಿ. ಲಾರಿ, ಟ್ರ್ಯಾಕ್ಟರಿನ ಟೈರುಗಳೇ ಅಲ್ಲಿ ಹೆಚ್ಚು. ಬೈಕಿನವು ಹಿಂದಿನ ಗೋಡೆಗೆ ನೇತುಬಿದ್ದಿರುತ್ತಿದ್ದವು. ಐದು ವರ್ಷ ನಾನು ಆ ಮನೆಗೆ ಒಬ್ಬನೇ ಅಳಿಯ. ಹಬ್ಬಕ್ಕೆ ಹೋದರೆ ಮೊದಲ ಮಣೆ ನನಗೆ, ತುಪ್ಪದ ಮಿಳ್ಳೆ ಮೊದಲು ನನ್ನ ಎಲೆಗೆ, ಅಂಗಡಿಯಲ್ಲಿ ಮಾವನವರ ಪಕ್ಕದ ಕುರ್ಚಿಯೂ ನನ್ನದೇ. ಆಮೇಲೆ ನನ್ನ ಹೆಂಡತಿಯ ತಂಗಿಗೆ ಮದುವೆಯಾಯಿತು. ಹುಡುಗ ಲಿಂಗದಹಳ್ಳಿ ಕಡೆ ರಸ್ತೆ ಕೆಲಸದ ಓವರ್ಸಿಯರ್. ಉದ್ದನೆಯ ಆಳು, ಸದಾ ನಗುಮುಖ, ಯಾರಿಗಾದರೂ ಅರ್ಧ ಗಂಟೆಯಲ್ಲಿ ಹಿಡಿಸಿಬಿಡುತ್ತಿದ್ದ. ಮಣೆ ಎರಡಾಯಿತು. ಅದನ್ನು ಹೇಗೋ ನುಂಗಿಕೊಂಡೆ. ಕೆಲವೇ ತಿಂಗಳಲ್ಲಿ ಆತ ನನ್ನದೇ ಮಾಡೆಲಿನ, ನನ್ನದೇ ಬಣ್ಣದ, ಎರಡು ಸೈಲೆನ್ಸರಿನ ಬೈಕು ತಂದು ನಿಲ್ಲಿಸಿದ. ಭಾವನ ಗಾಡಿ ನೋಡಿ ಆಸೆಯಾಯಿತು ಎಂದು ಎಲ್ಲರ ಮುಂದೆ ಹೇಳಿದ. ಎಲ್ಲರಿಗೂ ಸಂತೋಷವಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಬೈಕು ನನಗೆ ಬರೀ ಸ್ಕೂಲಿಗೆ ಹೋಗುವ ಗಾಡಿಯಾಗಿರಲಿಲ್ಲ. ಅರಸೀಕೆರೆಯ ಆಚೆ, ವಿಮಾನ ಇಳಿಸಲೆಂದು ಯಾವ ಕಾಲದಲ್ಲೋ ಮಾಡಿ ಕೈಬಿಟ್ಟಿದ್ದ ಒಂದು ಟಾರಿನ ಪಟ್ಟಿಯಿತ್ತು. ವರ್ಷಕ್ಕೊಮ್ಮೆ, ದಸರಾ ಕಳೆದ ಭಾನುವಾರ, ಬೈಕಿನ ಹುಚ್ಚು ಹತ್ತಿದ ಮೂವತ್ತು ನಲವತ್ತು ಜನ ಅಲ್ಲಿ ಸೇರುತ್ತಿದ್ದರು. ಖಾಲಿ ಡ್ರಮ್ಮುಗಳನ್ನಿಟ್ಟು ತಿರುವು ಮಾಡಿಕೊಂಡು, ಗಡಿಯಾರ ಹಿಡಿದು ಸುತ್ತು ಹೊಡೆಯುವುದು. ಬಹುಮಾನ ಗಿಹುಮಾನ ಏನಿಲ್ಲ. ಇದ್ದದ್ದು ಒಂದೇ ನಿಯಮ. ಬೈಕು ತನ್ನ ಕಾಲ ಮೇಲೆ ಓಡಿಕೊಂಡು ಬರಬೇಕು, ಓಡಿಕೊಂಡೇ ಮನೆಗೆ ಹೋಗಬೇಕು. ರಸ್ತೆಯಲ್ಲಿ ಓಡಿಸಬಹುದಾದ ಟೈರನ್ನೇ ಹಾಕಿರಬೇಕು. ರೇಸಿಗೊಂದು, ರಸ್ತೆಗೊಂದು ಅಂತ ಗಾಲಿ ಬದಲಿಸುವ ಹಾಗಿಲ್ಲ. ಆದ್ದರಿಂದ ಅಲ್ಲಿ ಮಾತೆಲ್ಲ ಟೈರಿನದೇ. ಮೆತ್ತಗಿನ ರಬ್ಬರು ತಿರುವಿನಲ್ಲಿ ಕಚ್ಚಿ ಹಿಡಿಯುತ್ತದೆ, ಆದರೆ ಅಜ್ಜಂಪುರದ ಜಲ್ಲಿ ರಸ್ತೆಗೆ ಆರೇ ತಿಂಗಳಲ್ಲಿ ಸವೆದುಹೋಗುತ್ತದೆ. ಗಟ್ಟಿ ರಬ್ಬರು ನಾಲ್ಕು ವರ್ಷ ಬಾಳುತ್ತದೆ, ತಿರುವಿನಲ್ಲಿ ಮಾತ್ರ ನೆಚ್ಚಿಕೊಳ್ಳುವಂತಿಲ್ಲ.

ಮೊದಲ ಸಲ ಹೋದಾಗ ಬೆಂಗಳೂರಿನ ಕಡೆಯ ಹಿರಿಯರೊಬ್ಬರು ನನ್ನ ಟೈರನ್ನು ಸವರಿ ನೋಡಿ ಒಂದು ಪಾಠ ಹೇಳಿದ್ದರು. ಹೊಸ ಟೈರಿನ ಮೈಮೇಲೆ ಅಚ್ಚಿನ ಜಿಡ್ಡು ಇರುತ್ತದೆ. ನೆಟ್ಟಗಿನ ರಸ್ತೆಯಲ್ಲಿ ಎಷ್ಟು ಓಡಿಸಿದರೂ ನಡುಭಾಗ ಮಾತ್ರ ಉಜ್ಜಿಹೋಗುತ್ತದೆ. ಅಂಚು ಹಾಗೇ ನುಣ್ಣಗಿರುತ್ತದೆ, ಬೈಕು ವಾಲಿದಾಗ ನೆಲಕ್ಕೆ ತಾಗುವುದು ಆ ಅಂಚೇ. ಮೊದಲು ಯಾವುದಾದರೂ ಘಾಟಿಯಲ್ಲಿ ನಿಧಾನವಾಗಿ ಎಡಕ್ಕೂ ಬಲಕ್ಕೂ ವಾಲಿಸಿ ಅಂಚು ಒರಟು ಮಾಡಿಕೊಂಡು ಬನ್ನಿ ಎಂದರು. ಗುರುತು ಪರಿಚಯ ಇಲ್ಲದ ನನಗೆ ಬಿಟ್ಟಿಯಾಗಿ ಹೇಳಿಕೊಟ್ಟ ಮಾತು ಅದು.

ಆ ವರ್ಷ ದಸರಾಕ್ಕೆ ತಿಂಗಳಿರುವಾಗ ಮಾವನವರು ನನ್ನನ್ನು ಅಂಗಡಿಗೆ ಕರೆಸಿಕೊಂಡರು. ರಸ್ತೆಗೂ ಆಗಬೇಕು, ಆ ನಿಮ್ಮ ಸುತ್ತು ಹೊಡೆಯೋದಕ್ಕೂ ಆಗಬೇಕು, ಅಂಥ ಒಂದು ಜೊತೆ ಆರಿಸಿಕೊಡಿ ಮೇಷ್ಟ್ರೇ, ಬೆಂಗಳೂರಿಂದ ತರಿಸ್ತೀನಿ ಎಂದರು. ಯಾರಿಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದೇನು? ನನ್ನ ಟೈರು ಬೋಳಾಗುತ್ತ ಬಂದಿತ್ತು, ಆಯುಧಪೂಜೆ ಹತ್ತಿರವಿತ್ತು. ನನಗಲ್ಲದೆ ಇನ್ನಾರಿಗೆ ಎಂದುಕೊಂಡೆ.

ಹೆಣ್ಣು ನೋಡಲು ಹೋದಾಗಲೂ ನಾನು ಅಷ್ಟು ಹೊತ್ತು ನೋಡಿರಲಿಲ್ಲ. ಮಾವನವರು ಮೂರು ಬಗೆಯವನ್ನು ನಮೂನೆಗೆ ತರಿಸಿದ್ದರು. ಮೂರು ಭಾನುವಾರ ಅಜ್ಜಂಪುರದಿಂದ ತರೀಕೆರೆಗೆ ಓಡಾಡಿದೆ. ಹೆಬ್ಬೆರಳಿನ ಉಗುರು ಒತ್ತಿ, ಗುರುತು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿದೆ; ರಬ್ಬರು ಮೆತ್ತಗಿದ್ದಷ್ಟೂ ಗುರುತು ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದರ ರಬ್ಬರು ಬಹಳ ಮೆತ್ತಗಿತ್ತು, ಆದರೆ ಮೈ ಚಪ್ಪಟೆ. ವಾಲಿಸಿದರೆ ಅಂಚಿನ ಮೇಲೆ ಎಡವಿದಂತಾಗುತ್ತದೆ. ಇನ್ನೊಂದರ ಮೈ ಚೆನ್ನಾಗಿ ದುಂಡಗಿತ್ತು, ಗೀರುಗಳು ಮಾತ್ರ ಆಳವಿರಲಿಲ್ಲ; ಮಳೆ ಬಂದರೆ ಕೆಮ್ಮಣ್ಣುಗುಂಡಿ ರಸ್ತೆಯಲ್ಲಿ ದೇವರೇ ಗತಿ. ಮೂರನೆಯದು ದುಂಡಗೂ ಇತ್ತು, ಗೀರೂ ಆಳ, ಉಗುರಿನ ಗುರುತು ನಾನು ಕಾಫಿ ಕುಡಿದು ಮುಗಿಸುವ ತನಕ ನಿಂತಿತ್ತು. ಇದೇ ಎಂದೆ. ಮಾವನವರು ಆ ಗುರುತಿನ ಮೇಲೆ ತಮ್ಮ ಬೆರಳನ್ನೂ ಆಡಿಸಿ ತಲೆದೂಗಿದರು. ಊರಿಗೆ ಹೋಗಿ ಹೆಂಡತಿಗೆ ಹೇಳಿದೆ. ರಾತ್ರಿ ಊಟಕ್ಕೆ ಕೂತರೂ ಅದೇ ಮಾತು ಎಂದು ಅವಳು ಬೈದಳು.

ಆಯುಧಪೂಜೆಯ ಬೆಳಿಗ್ಗೆ ನಾವು ತರೀಕೆರೆಗೆ ಹೋದಾಗ ನನ್ನ ಟೈರುಗಳು ಆಗಲೇ ಗಾಲಿ ಸೇರಿದ್ದವು. ಓವರ್ಸಿಯರನ ಗಾಲಿ. ಹೊಸ ರಬ್ಬರಿನ ಎಳೆಗಳು ಇನ್ನೂ ಕೂದಲಿನ ಹಾಗೆ ಎದ್ದುಕೊಂಡಿದ್ದವು. ಆತ ಓಡಿ ಬಂದು ನನ್ನ ಕೈ ಹಿಡಿದುಕೊಂಡು, ಭಾವ, ನೀವೇ ಆರಿಸಿದ್ದಂತೆ, ಈ ಸಲ ನಾನೂ ನಿಮ್ಮ ಜೊತೆ ಪಟ್ಟಿಗೆ ಬರುತ್ತೇನೆ ಎಂದ. ನಾನು ನಕ್ಕೆ. ಆ ನಗು ಹೇಗಿತ್ತೋ ಗೊತ್ತಿಲ್ಲ, ನನ್ನ ಹೆಂಡತಿ ಒಮ್ಮೆ ನನ್ನ ಮುಖ ನೋಡಿ ಒಳಗೆ ಹೋದಳು. ಮಾವನವರು ಏನೂ ಆಗದವರಂತೆ ನಿಂಬೆಹಣ್ಣು ಎಣಿಸುತ್ತಿದ್ದರು. ಐದು ವರ್ಷದ ಅಳಿಯನಿಗೆ ಬೋಳು ಟೈರು, ಮೊನ್ನೆ ಮೊನ್ನೆ ಬಂದವನಿಗೆ ಹೊಸದು. ಅದನ್ನು ಆರಿಸಿಕೊಡುವ ಚಾಕರಿ ನನಗೆ.

ಆ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಪೂಜೆಯ ದಿನ ಪ್ರತಿಯೊಂದು ಟೈರನ್ನೂ ಒರೆಸಿ, ಸೀಮೆಎಣ್ಣೆಗೆ ಹರಳೆಣ್ಣೆ ಬೆರೆಸಿ ಬಟ್ಟೆಯಲ್ಲಿ ಉಜ್ಜಿ ಮಿರಮಿರ ಮಿಂಚಿಸುವುದು, ಆಮೇಲೆ ಮೂರು ಬೆರಳು ವಿಭೂತಿ ಎಳೆಯುವುದು. ಮಾರುವ ಟೈರಿಗೆ ಅದರಿಂದ ತೊಂದರೆಯಿಲ್ಲ, ಲಾರಿಯೇನೂ ವಾಲುವುದಿಲ್ಲ. ಓವರ್ಸಿಯರ್ ಬಟ್ಟೆ ತೆಗೆದುಕೊಂಡು ಅಂಗಡಿಯ ಟೈರುಗಳನ್ನೆಲ್ಲ ಮುಗಿಸಿ ತನ್ನ ಬೈಕಿಗೆ ಬಂದ. ಟೈರಿನ ಪಕ್ಕದ ಮೈಗೆ ಮಾತ್ರವಲ್ಲ, ಮಗುವಿಗೆ ಎಣ್ಣೆ ತಿಕ್ಕಿದಂತೆ, ನೆಲಕ್ಕೆ ತಾಗುವ ಮೈಗೂ ಗೀರಿನೊಳಗೂ ಬಿಡದೆ ಹಚ್ಚಿದ. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಎಣ್ಣೆ ಹಚ್ಚಿದರೆ ಘರ್ಷಣೆ ಕಡಿಮೆಯಾಗುತ್ತದೆ ಎಂದು ವರ್ಷ ವರ್ಷವೂ ಎಂಟನೇ ತರಗತಿಗೆ ಬೋರ್ಡಿನ ಮೇಲೆ ಬರೆಯುವ ಮೇಷ್ಟ್ರು ನಾನು. ಆತ ನನ್ನ ಬೈಕಿನ ಕಡೆಗೂ ಬಟ್ಟೆ ಹಿಡಿದು ಬಂದಾಗ, ನನ್ನದು ಹಳೇದು, ಹಚ್ಚಿದರೂ ಹೊಳೆಯಲ್ಲ ಬಿಡು ಎಂದು ತಡೆದೆ.

ಹಬ್ಬಕ್ಕೆ ಬಂದವರು ಎಲ್ಲರೂ ಮಾವನವರ ಮನೆಯಲ್ಲೇ ಉಳಿದಿದ್ದೆವು. ಪಟ್ಟಿಗೆ ಹೊರಡುವ ಹಿಂದಿನ ದಿನ, ಶನಿವಾರ ಸಂಜೆ, ಆತ ನನ್ನ ಪಕ್ಕ ಬಂದು ಕೂತು ನೇರವಾಗಿ ಕೇಳಿದ.

"ಭಾವ, ಟೈರ್ ವಿಷ್ಯದಲ್ಲಿ ಏನಾದ್ರೂ ಮಾಡ್ಕೋಬೇಕಾ? ನಂಗೇನೂ ತಿಳಿಯಲ್ಲ."

ಸೋಪಿನಲ್ಲಿ ತೊಳೆದು, ಬೆಳಿಗ್ಗೆ ಬೇಗ ಎದ್ದು ಕೆಮ್ಮಣ್ಣುಗುಂಡಿ ಘಾಟಿಯಲ್ಲಿ ಒಮ್ಮೆ ಹತ್ತಿ ಇಳಿ ಅನ್ನಬೇಕಿತ್ತು. ಅಷ್ಟೇ ಮಾತು. ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಒಳಗಿನಿಂದ ಅತ್ತೆಯವರು ಚಿಕ್ಕ ಅಳಿಯನಿಗೆ ಮೊದಲು ಕಾಫಿ ಕೊಡಿ ಎಂದದ್ದು ಕೇಳಿಸಿತು.

"ಗಾಳಿ ಸರಿಯಾಗಿ ನೋಡ್ಕೋ, ಸಾಕು" ಎಂದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಬೀರೂರು, ಕಡೂರು, ಬಾಣಾವರ. ಆ ರಸ್ತೆ ಬಹುಪಾಲು ನೆಟ್ಟಗೆ. ಕಡೂರಿನಲ್ಲಿ ಇಡ್ಲಿ ತಿನ್ನಲು ನಿಲ್ಲಿಸಿದಾಗ ನಾನು ಅವನ ಹಿಂದಿನ ಟೈರನ್ನು ನೋಡಿದೆ. ನಡುವೆ ಎರಡು ಬೆರಳು ಅಗಲ ಧೂಳು ಹಿಡಿದು ಬೂದಿ ಬಣ್ಣಕ್ಕೆ ಬಂದಿತ್ತು. ಎರಡೂ ಅಂಚು ಪೂಜೆಯ ದಿನದ ಹಾಗೇ ಮಿಂಚುತ್ತಿದ್ದವು. ಆತ ನನ್ನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿಸಿದ. ಬೋಳು ಟೈರಿನಲ್ಲೂ ನಾನೇ ಮುಂದೆ ಬರುತ್ತೇನೆ, ಇವನು ಒಂದೆರಡು ಕಡೆ ಜಾರಿ ಹೆದರಿ ನಿಧಾನ ಮಾಡುತ್ತಾನೆ, ಮಾವನವರಿಗೆ ತಮ್ಮ ತಪ್ಪು ಅರ್ಥವಾಗುತ್ತದೆ. ಇಷ್ಟೇ ನಾನು ಅಂದುಕೊಂಡಿದ್ದು. ಬೀಳಲಿ ಅಂದುಕೊಂಡಿರಲಿಲ್ಲ. ಬೀಳುವುದಿಲ್ಲ ಅಂತಲೂ ಅಂದುಕೊಂಡಿರಲಿಲ್ಲ.

ಎರಡನೆಯ ಸುತ್ತಿನಲ್ಲಿ, ಡ್ರಮ್ಮಿನ ಎಡ ತಿರುವಿನಲ್ಲಿ ಬಿದ್ದ. ನಾನು ಹತ್ತು ಮಾರು ಹಿಂದಿದ್ದೆ. ಬೈಕು ವಾಲಿತು, ಹಿಂದಿನ ಗಾಲಿ ಸದ್ದಿಲ್ಲದೆ ಹೊರಕ್ಕೆ ಜಾರಿತು, ಆತ ಭುಜದ ಮೇಲೆ ಬಿದ್ದು ತಿರುವಿನ ಅಂಚಿಗೆ ಪೇರಿಸಿದ್ದ ಹುಲ್ಲಿನ ಹೊರೆಯ ತನಕ ಉರುಳಿಹೋದ. ನಾನು ಗಾಡಿ ನಿಲ್ಲಿಸಿ ಓಡಿದೆ. ಓಡುವಾಗ ನನ್ನ ಕಣ್ಣು ಮೊದಲು ಹೋದದ್ದು ಟೈರಿನ ಮೇಲೆ, ಆಮೇಲೆ ಅವನ ಮೇಲೆ. ಇದನ್ನು ಬರೆಯುವುದು ಕಷ್ಟ, ಆದರೆ ಹಾಗೇ ಆಯಿತು.

ಕಾಲರ್ ಬೋನ್ ಮುರಿದಿತ್ತು. ಅರಸೀಕೆರೆಯ ಆಸ್ಪತ್ರೆಯಿಂದ ಅಂಗಡಿಗೆ ಫೋನು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಮಾವನವರು ಬಾಡಿಗೆ ಕಾರಿನಲ್ಲಿ ಬಂದರು. ಬೈಸಿಕೊಳ್ಳಲು ಸಿದ್ಧನಾಗಿದ್ದೆ. ಬೈದಿದ್ದರೆ ನಾನೂ ತಿರುಗಿ ಒಂದು ಮಾತು ಹೇಳುತ್ತಿದ್ದೆನೋ ಏನೋ. ಅವರು ವರಾಂಡದ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಮೇಷ್ಟ್ರೇ, ನಿಮ್ಗೆ ಎಂಥ ಟೈರ್ ಹಾಕಿದ್ರೂ ನೀವು ಬೀಳಲ್ಲ. ಇವ್ನು ಹೊಸಬ, ಆತುರ ಜಾಸ್ತಿ. ಅದ್ಕೇ ನಿಮ್ ಕೈಲೇ ಆರ್ಸಿದ್ದು. ನೀವು ಜೊತೇಲಿರ್ತೀರಲ್ಲ, ಹೇಳ್ಕೊಡ್ತೀರ ಅಂತ ನಾನೂ ಸುಮ್ನಾದೆ. ಇಷ್ಟ್ರಲ್ಲೇ ಹೋಯ್ತಲ್ಲ, ನೀವಿದ್ದಿದ್ದು ಒಳ್ಳೇದಾಯ್ತು."

ನನ್ನ ಕುರ್ಚಿಯನ್ನು ಯಾರೂ ಕಿತ್ತುಕೊಂಡಿರಲಿಲ್ಲ ಎಂಬುದು ಆ ಬೆಂಚಿನ ಮೇಲೆ ನನಗೆ ಗೊತ್ತಾಯಿತು.

ಆತ ವಾಸಿಯಾದ ಮೇಲೆ ಸ್ಕೂಟರ್ ಕೊಂಡ. ಟೈರುಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಅಜ್ಜಂಪುರದ ಬಸ್ಸಿನ ಮೇಲೆ ಹಾಕಿ ಕಳಿಸಿದ. ಆರಿಸಿದವರೇ ಓಡಿಸಲಿ ಭಾವ ಎಂದು ಒಂದು ಚೀಟಿ ಇತ್ತು. ಬೇಡ ಎಂದು ವಾಪಸ್ಸು ಕಳಿಸಬಹುದಿತ್ತು. ಕಳಿಸಲಿಲ್ಲ. ಸೋಪು ಹಚ್ಚಿ ತೊಳೆದೆ, ಗಾಲಿಗೆ ಹಾಕಿಸಿದೆ, ಘಾಟಿಗೆ ಹೋಗಿ ಎರಡು ಸಲ ಹತ್ತಿ ಇಳಿದು ಅಂಚು ಒರಟು ಮಾಡಿಕೊಂಡೆ. ನಾನು ಎಣಿಸಿದ ಹಾಗೇ ರಸ್ತೆಯನ್ನು ಕಚ್ಚಿ ಹಿಡಿದವು. ಆರಿಸಿದ್ದು ಸರಿಯಾಗಿತ್ತು. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮರುವರ್ಷದ ಆಯುಧಪೂಜೆಗೆ ಎಲ್ಲರೂ ಅಂಗಡಿಯಲ್ಲಿದ್ದೆವು. ಓವರ್ಸಿಯರನ ಎಡಭುಜ ಸ್ವಲ್ಪ ತಗ್ಗಿದಂತೆ ಕಾಣುತ್ತಿತ್ತು, ನಗು ಮಾತ್ರ ಹಾಗೇ ಇತ್ತು. ಬಟ್ಟೆ ಹಿಡಿದು ಅಂಗಡಿಯ ಟೈರುಗಳನ್ನೆಲ್ಲ ಮುಗಿಸಿ, ನನ್ನ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಣ್ಣೆಯ ಬಟ್ಟೆ ಟೈರಿಗೆ ತಾಗುವುದರಲ್ಲಿತ್ತು.

"ಎಣ್ಣೆ ಹಚ್ಬೇಡ ಕಣೋ, ಜಾರುತ್ತೆ."

ಮಾತು ತಾನಾಗಿ ಬಂದುಬಿಟ್ಟಿತು. ಆತನ ಕೈ ಅಲ್ಲೇ ನಿಂತಿತು. ಟೈರು ನೋಡಿದ, ಬಟ್ಟೆ ನೋಡಿದ, ಆಮೇಲೆ ನನ್ನನ್ನು ನೋಡಿದ. ಬಲಗೈ ತಾನಾಗಿ ಎಡಭುಜದ ಮೇಲೆ ಹೋಯಿತು. ಮಾವನವರು ವಿಭೂತಿಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಹೋದ್ ವರ್ಷಾನೂ ಗೊತ್ತಿತ್ತಾ ಭಾವ?"

ಸಿಟ್ಟಿನಲ್ಲಿ ಕೇಳಲಿಲ್ಲ. ಶನಿವಾರ ಸಂಜೆ ಕೇಳಿದ ದನಿಯಲ್ಲೇ ಕೇಳಿದ. ಗೊತ್ತಿತ್ತು ಎಂದೆ.

ಆತ ಬಟ್ಟೆಯನ್ನು ಮಡಿಸಿ ಡಬ್ಬದ ಮೇಲಿಟ್ಟು ಎದ್ದ. ಮಾವನವರು ನನ್ನ ಟೈರಿಗೂ ವಿಭೂತಿ ಎಳೆದರು, ಗಾಲಿಯ ಕೆಳಗೆ ನಿಂಬೆಹಣ್ಣೂ ಇಟ್ಟರು. ಊಟಕ್ಕೆ ಎಂದಿನಂತೆ ಮೊದಲ ಮಣೆ ನನಗೇ ಹಾಕಿದ್ದರು, ಹೋಳಿಗೆಗೆ ತುಪ್ಪವೂ ಬಂತು. ಆಮೇಲೆ ಹದಿನೆಂಟು ವರ್ಷ ಮಾವನವರು ಅಂಗಡಿ ನಡೆಸಿದರು. ಒಂದು ಟೈರನ್ನು ಆರಿಸಿಕೊಡಿ ಎಂದು ಮತ್ತೆ ನನ್ನನ್ನು ಕೇಳಲಿಲ್ಲ.