ಗ್ಲ್ಯಾಡಿಸ್ ಟೀಚರ ಬ್ಲಾಗಿನ ಹಾಡು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸೆಡ್ರಿಕ್ ಮೇಲೆ ಸಿಟ್ಟಿದೆ. ಏಳನೇ ಕ್ಲಾಸಿನಲ್ಲಿ ಅವನಿಗೆ ಕನ್ನಡ ಕಲಿಸಿದವಳು ನಾನು. ಯಾರ ಮನಸ್ಸಿಗೂ ನೋವಾಗಬಾರದೆಂದು ಎಲ್ಲರಿಗೂ ಹೂಂ ಅನ್ನುತ್ತಿದ್ದ. ಪಕ್ಕದವನು ನೋಡಿ ಬರೆಯಲು ಪೇಪರ್ ಕೇಳಿದರೆ ಅವನಿಗೂ ಹೂಂ, ಯಾಕೋ ತೋರಿಸಿದೆ ಎಂದು ನಾನು ಗದರಿದರೆ ನನಗೂ ಹೂಂ. ಇಂಥವರನ್ನು ಊರು ಒಳ್ಳೆಯವರು ಎನ್ನುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ, ನನ್ನ ಬುದ್ಧಿ ಅಷ್ಟೇ.

ಆದರೆ ಇದು ಅವನ ಕತೆಯಲ್ಲ, ಅವನ ಸೋದರತ್ತೆ ಗ್ಲ್ಯಾಡಿಸ್ ಟೀಚರದ್ದು. ಕದ್ರಿಯ ಹತ್ತಿರದ ಶಾಲೆಯೊಂದರಲ್ಲಿ ಗ್ಲ್ಯಾಡಿಸ್ ಮತ್ತು ನಾನು ಇಪ್ಪತ್ತೊಂಬತ್ತು ವರ್ಷ ಒಟ್ಟಿಗೆ ಪಾಠ ಮಾಡಿದೆವು. ಅವಳು ಭೂಗೋಳ, ನಾನು ಕನ್ನಡ. ನನ್ನದು ದೇವಸ್ಥಾನದ ಅರ್ಚಕರ ಮನೆ, ಅವಳದು ಬಿಜೈಯ ಕೊಂಕಣಿ ಕ್ರಿಸ್ತುವರ ಮನೆ. ಮಧ್ಯಾಹ್ನ ನನ್ನ ಬುತ್ತಿಯಿಂದ ಅವಳು ತಿನ್ನುತ್ತಿದ್ದಳು, ಅವಳ ಬುತ್ತಿಯಿಂದ ನಾನು ತಿನ್ನುವ ಹಾಗಿರಲಿಲ್ಲ. ಅದಕ್ಕೆ ಅವಳು ವಾರಕ್ಕೊಮ್ಮೆ ನನಗೆಂದೇ ಬೇರೆ ಡಬ್ಬಿಯಲ್ಲಿ ಸಾನ್ನ, ಅವರ ಕಡೆಯ ಇಡ್ಲಿ, ತರುತ್ತಿದ್ದಳು. ಅವಳ ಗಂಡ ಅಲೆಕ್ಸ್ ಕುವೈತಿನಿಂದ ವಾಪಸು ಬಂದು ಆರು ವರ್ಷಕ್ಕೆ ತೀರಿಕೊಂಡ. ಮಕ್ಕಳಿಲ್ಲ. ಅವಳು ಅಳುವುದನ್ನು ನಾನು ನೋಡಿದ್ದು ಆಗ ಒಂದು ಸಲ ಮಾತ್ರ.

ಅವಳ ತಾಯಿಯನ್ನು ಅವಳು ಮಾಂಯ್ ಎನ್ನುತ್ತಿದ್ದಳು. ಬಿಜೈಯಿಂದ ಬಜಪೆಯವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಆ ಹೆಂಗಸಿಗೆ ಕರೆ ಬರಲೇಬೇಕು. ಮದುವೆಯ ಹಿಂದಿನ ದಿನ ಅವರಲ್ಲಿ ರೋಸ್ ಎಂದು ಮಾಡುತ್ತಾರೆ, ಹುಡುಗ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವುದು. ಆಗ ಹಾಡುವ ಹಾಡು ವೊವಿಯೊ. ಹಿರಿಯ ಹೆಂಗಸೊಬ್ಬಳು ಒಂದು ಸಾಲು ಎತ್ತುತ್ತಾಳೆ, ಸುತ್ತ ಕೂತವರೆಲ್ಲ ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಮಾಂಯ್ ಮೊದಲು ಅಡಿಗೆಮನೆಗೆ ಹೋಗಿ ಅತ್ತೆ ಯಾರು, ಮಾವ ಯಾರು, ಹುಡುಗನಿಗೆ ಎಲ್ಲಿ ಕೆಲಸ ಎಂದೆಲ್ಲ ಕೇಳಿಕೊಂಡು ಬಂದು, ಅದನ್ನೆಲ್ಲ ನಿಂತ ನಿಲುವಿನಲ್ಲೇ ಹಾಡಿಗೆ ಸೇರಿಸುತ್ತಿದ್ದಳಂತೆ. ಜನ ತಿರುಗಿ ಹೇಳದಿದ್ದರೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದಳು, ಹೇಳುವವರೆಗೆ.

ಗ್ಲ್ಯಾಡಿಸಳ ರೋಸಿನ ದಿನ ಬಹರೈನಿನಿಂದ ಬಂದಿದ್ದ ಸಂಬಂಧಿಕನೊಬ್ಬ ಟೇಪ್ ರೆಕಾರ್ಡರ್ ಇಟ್ಟಿದ್ದ. ಇಪ್ಪತ್ತೆರಡು ನಿಮಿಷದ ಹಾಡು ಕ್ಯಾಸೆಟ್ಟಿನಲ್ಲಿ ಉಳಿಯಿತು. ವರ್ಷ ತುಂಬುವ ಮೊದಲೇ ಮಾಂಯ್ ಹೋದಳು. ಆ ದನಿ ಈ ಲೋಕದಲ್ಲಿ ಬೇರೆ ಎಲ್ಲಿಯೂ ಇಲ್ಲ.

ನಿವೃತ್ತಿಯಾದ ಮೇಲೆ ಗ್ಲ್ಯಾಡಿಸ್ ಬ್ಲಾಗು ಶುರುಮಾಡಿದಳು. ಹಳೆಯ ಮದುವೆ ಪದ್ಧತಿ, ಉಪ್ಪಿನಕಾಯಿ, ಯಾರೂ ಈಗ ಆಡದ ಕೊಂಕಣಿ ಮಾತು, ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದಳು. ಬಿಜೈ ಬಸ್‌ಸ್ಟ್ಯಾಂಡಿನ ಹತ್ತಿರ ಸೆಡ್ರಿಕ್‌ನ ಅಂಗಡಿ ಇದೆ, ಮದುವೆ ಆಲ್ಬಮ್ಮು, ಆನ್‌ಲೈನ್ ಅರ್ಜಿ, ಅಂಥದ್ದು. ಬ್ಲಾಗನ್ನು ಕಟ್ಟಿಕೊಟ್ಟದ್ದು ಅವನೇ. ಆರು ತಿಂಗಳ ಮೇಲೆ ಅವಳು ಕ್ಯಾಸೆಟ್ ಹಿಡಿದುಕೊಂಡು ಅವನ ಅಂಗಡಿಗೆ ಹೋದಳು. ನಾನೂ ಜೊತೆಗಿದ್ದೆ.

"ನಮ್ಮ ಮನೆಗೆ ಬಂದವರಿಗೆ ಮಾಂಯ್‌ನ ಹಾಡು ಕೇಳ್ಬೇಕು ಸೆಡ್ರಿಕ್. ಬ್ಲಾಗ್ ಅಂದ್ರೆ ನನ್ನ ಮನೆಯೇ ಅಲ್ವಾ?"

"ಆಯ್ತು ಆಂಟಿ, ಹಾಕ್ತೇನೆ," ಅಂದ ಅವನು. ಅವನು ಇನ್ನೆಂತ ಅಂದಾನು!

ಹಾಕಿದ. ಬ್ಲಾಗು ತೆರೆದು ಪುಟದ ಮೇಲೆ ಎಲ್ಲಿ ಬೆರಳು ತಾಗಿದರೂ ಹಾಡು ಶುರು. ಟೇಪಿನಲ್ಲಿ ಸುತ್ತಲಿನವರ ದನಿ ಸರಿಯಾಗಿ ಬಂದಿರಲಿಲ್ಲ, ಮಾಂಯ್ ಒಂದು ಸಾಲು ಹಾಡಿದ ಮೇಲೆ ಸ್ವಲ್ಪ ಹೊತ್ತು ಖಾಲಿ. ಹಾಗಾಗಿ ಗ್ಲ್ಯಾಡಿಸ್ ಪುಟದ ಮೇಲುಗಡೆ ಬರೆದಳು: "ಮಾಂಯ್ ನಿಲ್ಲಿಸಿದಾಗ ನೀವು ಕೂತಲ್ಲೇ ಆ ಸಾಲನ್ನು ತಿರುಗಿ ಹೇಳಿ. ಒಬ್ಬರಾದರೂ ಹೇಳಿದರೆ ಅವಳ ಹಾಡು ಮುಂದೆ ಹೋಗುತ್ತದೆ." ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಲೇಖನ ಓದದಿದ್ದರೂ ಅಡ್ಡಿಯಿಲ್ಲ, ಎಲ್ಲಿಯೋ ಒಬ್ಬರು ತನ್ನ ತಾಯಿಗೆ ಉತ್ತರ ಕೊಡಬೇಕು.

ಉತ್ತರಗಳು ಬಂದವು ಕೂಡ. ಪ್ರತಿಯೊಂದು ಲೇಖನದ ಕೆಳಗೆ ಜನ ಬರೆಯುತ್ತಿದ್ದರು: ಹಾಡು ಲಾಯ್ಕ ಉಂಟು ಟೀಚರ್. ಮಸ್ಕತ್ತಿನಿಂದ ಅವಳ ಹಳೆಯ ವಿದ್ಯಾರ್ಥಿನಿ ಸಬೀನಾ ಬರೆದಳು, ನಾನು ಅಡಿಗೆ ಮಾಡ್ತಾ ತಿರುಗಿ ಹೇಳಿದೆ ಎಂದು. ಗ್ಲ್ಯಾಡಿಸ್ ಅದನ್ನು ಫೋನಿನಲ್ಲಿ ನನಗೆ ಎರಡು ಸಲ ಓದಿ ಹೇಳಿದಳು. ಎರಡೂವರೆ ವರ್ಷ ಹೀಗೇ ನಡೆಯಿತು. ನಾನು ಅವಳನ್ನು ಅಷ್ಟು ಹಗುರವಾಗಿ ಕಂಡದ್ದು ಅಲೆಕ್ಸ್ ಹೋದ ಮೇಲೆ ಅದೇ ಮೊದಲು.

ಕಳೆದ ನವೆಂಬರಿನಲ್ಲಿ ಅವರ ಇಗರ್ಜಿಯ ಹಿರಿಯರ ದಿನ. ಗ್ಲ್ಯಾಡಿಸ್ ಟೀಚರ ಬ್ಲಾಗನ್ನು ಪರದೆಯ ಮೇಲೆ ತೋರಿಸಿ ಅವಳಿಗೆ ಶಾಲು ಹೊದಿಸುವುದೆಂದಾಯಿತು. ಹಾಲಿನಲ್ಲಿ ಅರವತ್ತು ಎಪ್ಪತ್ತು ಜನ, ನಾನು ಎರಡನೇ ಸಾಲು. ಅವಳು ಕಂದು ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಮೈಕ್ ಹಿಡಿದು, "ಮಾಂಯ್ ಒಂದು ಸಾಲು ಹೇಳ್ತಾಳೆ. ನಾವು ಇಷ್ಟು ಜನ ಇದ್ದೇವೆ, ಇವತ್ತು ಗಟ್ಟಿ ಹೇಳುವ," ಎಂದಳು.

ಸೌಂಡಿನ ಅಶ್ರಫ್ ತನ್ನ ಲ್ಯಾಪ್‌ಟಾಪಿನಲ್ಲಿ ಬ್ಲಾಗು ತೆರೆದ. ಪುಟ ಬಂತು, ಫೋಟೋ ಬಂತು. ಹಾಡು ಬರಲಿಲ್ಲ.

ಅಶ್ರಫ್ ವಯರು ಎಳೆದು ನೋಡಿದ. ತನ್ನ ಫೋನಿನಿಂದ ಬೇರೆ ಏನೋ ಹಾಕಿ ನೋಡಿದ, ಸ್ಪೀಕರು ಇಡೀ ಹಾಲ್ ನಡುಗುವಷ್ಟು ಕೂಗಿತು. "ಸ್ಪೀಕರ್ ಸರಿ ಉಂಟು ಟೀಚರ್. ಈ ಪೇಜಲ್ಲಿ ಹಾಡೇ ಇಲ್ಲ," ಎಂದ.

"ಎಂತ ಹೇಳುದು ನೀವು? ದಿನಾ ಕೇಳ್ತೇನೆ ನಾನು," ಎಂದು ಗ್ಲ್ಯಾಡಿಸ್ ತನ್ನ ಕೈಚೀಲದಿಂದ ಫೋನು ತೆಗೆದಳು. ಅದರಲ್ಲಿ ಹಾಡು ಬಂತು. ಅವಳು ಅದನ್ನು ಮೈಕಿಗೆ ಹಿಡಿದಳು. "ನೋಡಿ, ಉಂಟಲ್ಲ," ಎಂದು ಎಲ್ಲರ ಮುಖ ನೋಡಿದಳು. ಮೈಕಿನಿಂದ ಕರಕರ ಸದ್ದಷ್ಟೇ ಬಂತು. ಯಾರೂ ತಿರುಗಿ ಹೇಳಲಿಲ್ಲ, ಎಲ್ಲರೂ ನೆಲ ನೋಡುತ್ತಿದ್ದರು.

ಆಗ ಹಿಂದಿನ ಸಾಲಿನಿಂದ ಸೆಡ್ರಿಕ್ ಎದ್ದು ಮುಂದೆ ಬಂದ.

"ಆಂಟಿ, ಅದು ನಿಮ್ಮ ಫೋನಲ್ಲಿ, ನೀವು ಲಾಗಿನ್ ಆದ್ರೆ ಮಾತ್ರ ಕೇಳುವ ಹಾಗೆ ಇಟ್ಟಿದ್ದೇನೆ."

"ಯಾವಾಗಿನಿಂದ?"

"ಹಾಕಿ ಎರಡನೇ ವಾರದಿಂದ. ಕಂಪ್ಲೇಂಟ್ ಬಂತು ಆಂಟಿ. ಆಫೀಸಲ್ಲಿ ಓಪನ್ ಮಾಡಿದ್ರೆ ಬೊಬ್ಬೆ ಆಗ್ತದೆ, ಮಕ್ಕಳು ಏಳ್ತವೆ ಅಂತ. ನಿಮಗೆ ಬೇಜಾರಾಗ್ಬಾರ್ದು ಅಂತ ನಾನು..."

"ಹಾಗಾದ್ರೆ ಕೆಳಗೆ ಬರೆದವರು? ಲಾಯ್ಕ ಉಂಟು ಅಂದವರು?"

ಉತ್ತರ ನನಗೆ ಗೊತ್ತಿತ್ತು, ಆ ಹಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಟೀಚರ್ ಹಾಡು ಉಂಟು ಅಂತ ಬರೆದಿದ್ದಾರೆ, ನಮ್ಮ ಫೋನೇ ಹಾಳಾಗಿರಬೇಕು, ಕೇಳಿಸಲಿಲ್ಲ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ, ಲಾಯ್ಕ ಉಂಟು ಅಂದುಬಿಟ್ಟರೆ ಮುಗಿಯಿತಲ್ಲ. ನಮ್ಮ ಊರಿನಲ್ಲಿ ಮರ್ಯಾದೆ ಎಂದರೆ ಇದೇ. ಯಾರಿಗೂ ಎದುರಿನಲ್ಲಿ ಇಲ್ಲ ಎನ್ನುವುದಿಲ್ಲ.

ಗ್ಲ್ಯಾಡಿಸ್ ಶಾಲು ಹೊದಿಸಿಕೊಳ್ಳಲಿಲ್ಲ. ಮೈಕನ್ನು ಮೇಜಿನ ಮೇಲಿಟ್ಟು ಸೆಡ್ರಿಕ್‌ಗೆ ಒಂದೇ ಮಾತು ಹೇಳಿದಳು: "ಬೇಕಾದವರು ಒತ್ತಿ ಕೇಳುವ ಹಾಗೆ ಒಂದು ಬಟನ್ ಇಡುವ ಅಂತ ನನ್ನತ್ರ ಹೇಳಿದ್ರೆ ನಾನು ಬೇಡ ಅಂತಿದ್ದೆನಾ? ಒಂದು ಬಟನ್, ಅಷ್ಟೇ ಅಲ್ವಾ ಮಾರಾಯ?" ಮತ್ತೆ ಒಬ್ಬಳೇ ಹೊರಗೆ ನಡೆದಳು.

ಈಗ ನಾನು ಹೇಳಲೇಬೇಕಾದ ಒಂದು ಮಾತಿದೆ. ಆ ಮೊದಲ ಕಂಪ್ಲೇಂಟು ನನ್ನದು.

ಪ್ರತಿ ಗುರುವಾರ ನಾನು ಬಜಪೆಗೆ ಹೋಗುತ್ತೇನೆ, ಮಗಳು ಸ್ಮೃತಿಯ ಮನೆಗೆ. ಬಸ್ಸಿನಲ್ಲಿ ಬ್ಲಾಗು ತೆರೆದೆ. ಹೇಗೆ ನಿಲ್ಲಿಸುವುದೆಂದು ಗೊತ್ತಾಗದೆ ಫೋನನ್ನು ಸೆರಗಿನಲ್ಲಿ ಸುತ್ತಿದರೂ ಹಾಡು ನಿಲ್ಲಲಿಲ್ಲ. ಬಸ್ಸಿಡೀ ನನ್ನನ್ನೇ ನೋಡಿತು, ಕಂಡಕ್ಟರ್ ಕಿಸಿಕಿಸಿ ನಕ್ಕ. ಇಳಿದ ಕೂಡಲೇ ಸೆಡ್ರಿಕ್‌ಗೆ ಫೋನು ಮಾಡಿ, "ಎಂತ ಅದು ಕರಕರೆ? ತೆಗಿ ಅದನ್ನು. ಅವಳತ್ರ ಮಾತ್ರ ಹೇಳ್ಬೇಡ," ಎಂದೆ. ಹೂಂ ಟೀಚರ್ ಅಂದ. ಸಂಜೆ ಗ್ಲ್ಯಾಡಿಸ್ ಫೋನು ಮಾಡಿ ಕೇಳಿದೆಯಾ ಎಂದಳು. ಇಡೀ ಹಾಡು ಕೇಳಿದೆ, ಲಾಯ್ಕ ಉಂಟು ಎಂದೆ. ನಾನು ಕೇಳಿದ್ದು ಒಂದೂವರೆ ಸಾಲು.

ಹಾಲಿನಲ್ಲಿ ಸೆಡ್ರಿಕ್ ನನ್ನ ಹೆಸರು ಹೇಳಲಿಲ್ಲ. ಅವನ ಮೇಲಿನ ಸಿಟ್ಟಿನಲ್ಲಿ ಅರ್ಧ ಅದಕ್ಕೇ. ಹೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು, ಹೇಳುವ ಕೆಲಸ ನನ್ನ ತಲೆಗೆ ಬೀಳುತ್ತಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಎಲ್ಲವನ್ನೂ ಒಪ್ಪಿಕೊಳ್ಳುವುದೆಂದು ನಿಶ್ಚಯ ಮಾಡಿಕೊಂಡೇ ಬಿಜೈಗೆ ಹೋದೆ. ಅವಳು ಬಾಗಿಲು ತೆರೆದು ನನ್ನನ್ನು ಎಂದಿನ ಕುರ್ಚಿಯಲ್ಲೇ ಕೂರಿಸಿದಳು. ಮುಖ ಬಾಡಿತ್ತು, ದನಿ ಮಾತ್ರ ಸರಿಯಾಗಿತ್ತು.

"ಬೆಳಿಗ್ಗೆ ಸೆಡ್ರಿಕ್ ಬಂದಿದ್ದ," ಎಂದಳು. "ಯಾರು ಕಂಪ್ಲೇಂಟ್ ಮಾಡಿದ್ದು ಅಂತ ಕೇಳಿದೆ. ಹೆಸರು ಹೇಳುದಿಲ್ಲ ಅವನು. ಬಸ್ಸಲ್ಲಿ ಒಬ್ರಿಗೆ ನಾಚಿಕೆ ಆಯ್ತಂತೆ, ಅಷ್ಟೇ ಹೇಳಿದ."

ಈಗ ಹೇಳಬೇಕು ಎಂದುಕೊಂಡೆ.

"ಎಲ್ಲರೂ ಸುಳ್ಳು ಹೇಳಿದ್ರು ನೀರಜಾ. ಇಡೀ ಹಾಡು ಕೇಳಿದವಳು ನೀನೊಬ್ಬಳೇ ಅಂತ ಲೆಕ್ಕ. ಆ ಮೊದಲ ವಾರ ಕೇಳಿದ್ದಿಯಲ್ಲ?"

"ಹೌದು," ಎಂದೆ. ಒಪ್ಪಿಕೊಳ್ಳಲು ಬಂದವಳು ಹೌದು ಎಂದೆ. ಆ ಮುಖ ನೋಡಿ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ.

"ನಡುವಲ್ಲಿ ಒಂದು ಕಡೆ ಮಾಂಯ್ ಹಾಡು ಬಿಟ್ಟು ನಗ್ತಾಳಲ್ಲ, ಅಲೆಕ್ಸ್‌ನ ಅಕ್ಕನ ಹೆಸರು ಬರುವಲ್ಲಿ. ನೆನಪುಂಟಾ ನಿನಗೆ?"

"ಉಂಟು ಮಾರಾಯ್ತಿ," ಎಂದೆ. "ನನಗೆ ಅದೇ ಭಾರೀ ಇಷ್ಟ ಆದ ಜಾಗ."

ಅವಳು ನನ್ನನ್ನು ನೋಡಿದಳು. ಕ್ಲಾಸಿನಲ್ಲಿ ಭೂಪಟದ ಮೇಲೆ ತಪ್ಪು ಊರು ತೋರಿಸಿದ ಮಕ್ಕಳನ್ನು ನೋಡುತ್ತಿದ್ದಂತೆ, ಸಿಟ್ಟಿಲ್ಲದೆ.

"ಅದರಲ್ಲಿ ಮಾಂಯ್ ಎಲ್ಲಿಯೂ ನಗುದಿಲ್ಲ ನೀರಜಾ," ಎಂದಳು. "ಅಲೆಕ್ಸ್‌ಗೆ ಅಕ್ಕನೂ ಇಲ್ಲ."

ನಾನು ಏನೋ ಹೇಳಹೊರಟೆ. ಅವಳು ಎದ್ದು ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತಳು. ನಾನು ಚಪ್ಪಲಿ ಹಾಕಿಕೊಳ್ಳುವವರೆಗೂ ಅವಳು ಅಲ್ಲೇ ನಿಂತಿದ್ದಳು.