ಕುಂತವರ ನೆಲ

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಸುತ್ತ ವಿಭೂತಿ ಪತ್ರಿ ತುಂಬಿ, ಮಣ್ಣು ಮುಚ್ಚುತ್ತೇವೆ. ಹಾಗಾಗಿ ನಮ್ಮ ಸಮಾಧಿಗಳು ಉದ್ದವಾಗಿರುವುದಿಲ್ಲ. ಚೌಕ ಕಟ್ಟೆಗಳು, ಒಬ್ಬರು ಕೂರುವಷ್ಟು ಅಗಲ. ಬಾಲಾನಗರದ ಶೆಡ್ಡುಗಳ ಹಿಂದಿರುವ ನಮ್ಮ ರುದ್ರಭೂಮಿಗೆ ಜೆಸಿಬಿ ತಂದ ಕಾಂಟ್ರಾಕ್ಟರ್ ಅವುಗಳನ್ನು ಹಳೆಯ ಕಾರ್ಖಾನೆಯ ಕಂಬದ ಬುಡಗಳೆಂದು ತಿಳಿದನಂತೆ. ಹಾಗೆಂದು ಅವನೇ ಹೇಳಿದ. ನಿಜವಾಗಿ ಹಾಗೆ ತಿಳಿದಿದ್ದನೋ, ಹಾಗೆ ಹೇಳಿದರೆ ಅನುಕೂಲವೆಂದು ಹೇಳಿದನೋ, ನನಗೆ ಗೊತ್ತಿಲ್ಲ. ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ.

ಆ ನೆಲ ನಮಗೆ ದಕ್ಕಿದ್ದು ಅಜ್ಜಿಯ ಹಟದಿಂದ. ಅಜ್ಜ ವಿಜಾಪುರದ ಕಡೆಯಿಂದ ಬಂದು ಇಲ್ಲಿ ಲೇತ್ ಮಷೀನಿನ ಕೆಲಸಕ್ಕೆ ಸೇರಿದ್ದ. ಅವನು ತೀರಿಕೊಂಡಾಗ ಹೂಳಲು ಜಾಗವಿರಲಿಲ್ಲ. ಸುಟ್ಟುಬಿಡೋಣ ಎಂದರಂತೆ ಹಿರಿಯರು. ಅಜ್ಜಿ ಅಜ್ಜನನ್ನು ಬಾಗಿಲಲ್ಲಿ ಕೂರಿಸಿ, "ಜಾಗಾ ಸಿಗೂತನಕ ಇವರು ಇಲ್ಲೇ ಕುಂತಿರತಾರ" ಎಂದಳಂತೆ. ದೇಹ ವಾಲದ ಹಾಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತವಳು ಅವರ ಮಗಳು, ಆಗಿನ್ನೂ ಲಂಗ ಉಡುತ್ತಿದ್ದ ನನ್ನ ಅತ್ತೆ. ಸಂಜೆಯೊಳಗೆ ಹಿರಿಯರು ಊರ ಪಟೇಲರ ಕಾಲು ಹಿಡಿದು, ಯಾರಿಗೂ ಬೇಡವಾಗಿದ್ದ ಈ ಕಲ್ಲುನೆಲವನ್ನು ಕೇಳಿಕೊಂಡು ಬಂದರು. ಅಜ್ಜನ ನಂತರ ಅಜ್ಜಿಯೂ ಅಲ್ಲೇ ಕೂತಳು. ಈಗ ಆ ನೆಲ ಎಲ್ಲರಿಗೂ ಬೇಕು.

ಅತ್ತೆಯ ಫೋನು ಬಂದಾಗ ನಾನು ಹಿಮಾಯತ್‌ನಗರದ ಆಫೀಸಿನಲ್ಲಿದ್ದೆ. "ಬಾ" ಎಂದಷ್ಟೇ ಹೇಳಿ ಇಟ್ಟಳು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಕಾಂಪೌಂಡ್ ಗೋಡೆಗಾಗಿ ಕಾಲುವೆಯಂತೆ ಒಂದು ಪಾಯ ತೋಡಿಯಾಗಿತ್ತು. ಅದು ಒಂದು ಕಟ್ಟೆಯ ಮೂಲೆಯನ್ನು ಸೀಳಿಕೊಂಡು ಹೋಗಿತ್ತು. ಕೆಂಪು ಮಣ್ಣಿನ ನಡುವೆ ಬಿಳಿಯ ಪದರ. ವಿಭೂತಿ. ಅದಕ್ಕಿಂತ ಒಳಗೆ ನಾನು ನೋಡಲಿಲ್ಲ. ಬ್ಯಾಗನ್ನು ಎದೆಗವಚಿಕೊಂಡೆ.

ಅತ್ತೆ ಪಾಯದೊಳಗೆ ಇಳಿದು, ಆ ಬಿಳಿ ಪದರಕ್ಕೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತಲೆಯ ಮೇಲೆ ಸೆರಗು. ಜೆಸಿಬಿಯ ಡ್ರೈವರ್ ಇಂಜಿನ್ ಆರಿಸಿ, ಚಪ್ಪಲಿ ಬಿಟ್ಟು ದೂರ ನಿಂತಿದ್ದ.

ಕಾಂಟ್ರಾಕ್ಟರ್ ತೆಲುಗಿನಲ್ಲಿ ಮೆತ್ತಗೆ ಹೇಳಿದ, "ಅಮ್ಮಾ, ಬಿಸಿಲು. ಮೇಲೆ ಬನ್ನಿ, ನೆರಳಲ್ಲಿ ಕೂತು ಮಾತಾಡೋಣ."

"ನಂಗಿಲ್ಲೇ ತಂಪೈತಿ" ಎಂದಳು ಅತ್ತೆ. ಅವನಿಗೆ ತಿಳಿಯಲೆಂದು ಮುಂದಿನದನ್ನು ತೆಲುಗಿನಲ್ಲೇ ಹೇಳಿದಳು. "ನೀನೇ ಇಳಿದು ಬಾ. ಇಲ್ಲಿ ಜಾಗ ಉಂಟು."

ಡ್ರೈವರ್ ನಕ್ಕುಬಿಟ್ಟ. ಕಾಂಟ್ರಾಕ್ಟರ್ ಅವನ ಕಡೆ ಒಮ್ಮೆ ನೋಡಿ, ಪಾಯದ ಅಂಚಿನಲ್ಲಿ, ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ನಿಮ್ಮ ಅಮ್ಮನದು ಯಾವುದು, ತೋರಿಸಿ. ಅದನ್ನು ಮುಟ್ಟುವುದಿಲ್ಲ. ಗ್ರಾನೈಟ್ ಹಾಕಿಸಿ, ಸುತ್ತ ಗ್ರಿಲ್ ಮಾಡಿಸಿಕೊಡುತ್ತೇನೆ."

ಅಷ್ಟರಲ್ಲಿ ನಮ್ಮ ಸಮಾಜದ ಹಿರಿಯರೊಬ್ಬರು ಕಾರಿನಲ್ಲಿ ಬಂದಿದ್ದರು. ಸಿಕಂದರಾಬಾದಿನಲ್ಲಿ ಅವರದು ದೊಡ್ಡ ಬಟ್ಟೆ ಅಂಗಡಿ.

"ಅಕ್ಕಾರ, ಸಿಕ್ಕಷ್ಟು ಉಳಿಸ್ಕೊಳ್ಳೂಣ್ರಿ" ಎಂದರು. "ನಿಮ್ಮ ಅವ್ವಾರದಕ್ಕ ಏನೂ ಆಗಿಲ್ಲ. ಇದು ಯಾರದೋ ಏನೋ. ಅವರ ಮಂದಿ ಸೋಲಾಪುರಕ್ಕ ಹೋಗಿ ಎಷ್ಟೋ ಕಾಲಾತಂತ."

"ಅದಕ್ಕ ಇಲ್ಲಿ ಕುಂತೀನ್ರಿ. ನಮ್ಮವ್ವಗ ನಾವದೀವಿ. ಇವರಿಗೆ ಯಾರದಾರ?"

ಹಿರಿಯರು ಕಾರಿನ ಕಡೆ ತಿರುಗಿದರು. ಅತ್ತೆ ಬಿಡಲಿಲ್ಲ. "ನಿಮ್ಮಪ್ಪಾರು ಆ ಮೂಲ್ಯಾಗ ಅದಾರ. ಅವರನ್ನ ಎಲ್ಲಿಗೆ ಕಳಸ್ತೀರಿ? ನಿಮ್ಮ ಗೋಡೌನಿಗೇನ್ರಿ?"

ಅವರ ಮುಖ ಕೆಂಪಾಯಿತು. ಸಿಟ್ಟು ಮಾಡಿಕೊಂಡು ಹೋಗುತ್ತಾರೆಂದುಕೊಂಡೆ. ಇಲ್ಲ, ಹೋಗಿ ತಮ್ಮ ತಂದೆಯ ಕಟ್ಟೆಯ ಪಕ್ಕ, ಬಿಳಿ ಪ್ಯಾಂಟಿನಲ್ಲಿಯೇ, ನೆಲಕ್ಕೆ ಕೂತರು. ಸುತ್ತಲ ಗಲ್ಲಿಗಳಿಂದ ಬಂದು ಗೇಟಿನಲ್ಲಿ ನಿಂತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಒಳಗೆ ಬಂದು, ತಮ್ಮ ತಮ್ಮವರ ಪಕ್ಕ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಬರೀ ಕಂಬದ ಬುಡಗಳೆಂದಿದ್ದ ನೆಲದಲ್ಲಿ ಎಲ್ಲೆಲ್ಲಿ ಯಾರಿದ್ದಾರೆಂದು ದೂರದಿಂದಲೇ ಕಾಣುತ್ತಿತ್ತು. ಕಾಂಟ್ರಾಕ್ಟರ್ ಎದ್ದು ನಿಂತು ಅದನ್ನು ನೋಡಿದ. ನಾನೂ ನೋಡಿದೆ.

ಮಧ್ಯಾಹ್ನ ಪೊಲೀಸರು ಬಂದು, ಅಧಿಕಾರಿಗಳು ಸ್ಥಳ ನೋಡುವವರೆಗೆ ಕೆಲಸ ಬೇಡವೆಂದರು. "ಮತ್ತೆ ಬರುತ್ತೇವೆ" ಎಂದ ಕಾಂಟ್ರಾಕ್ಟರ್. "ಬಾ, ನಾ ಎಲ್ಲಿಗೂ ಹೋಗೂದಿಲ್ಲ" ಎಂದಳು ಅತ್ತೆ. ಪಾಯ ಮುಚ್ಚುವ ತನಕ ಮೇಲೆ ಬರಲು ಅವಳು ಒಪ್ಪಲಿಲ್ಲ. ಯಂತ್ರದಿಂದಲೇ ಮುಚ್ಚಿಕೊಡುತ್ತೇನೆಂದು ಡ್ರೈವರ್ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಅದರ ಹಲ್ಲು ಬ್ಯಾಡಪ್ಪಾ. ಕೈಲೆ ಮುಚ್ಚತೀವಿ."

ಬುಟ್ಟಿಯಲ್ಲಿ, ಸೆರಗಿನಲ್ಲಿ ಮಣ್ಣು ಹೊತ್ತೆವು. ಸೀಳಿದ ಜಾಗಕ್ಕೆ ಮೊದಲು ವಿಭೂತಿ ಹಾಕಿದವಳು ಅತ್ತೆ. ಮಣ್ಣು ಸೊಂಟದ ತನಕ ಬಂದ ಮೇಲೆ ನಾನು ಕೈ ನೀಡಿದೆ, ಹಿಡಿದುಕೊಂಡು ಮೇಲೆ ಬಂದಳು. ಮಂಡಿ ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು.

ವ್ಯಾಜ್ಯ ಇನ್ನೂ ಮುಗಿದಿಲ್ಲ. ಮರುದಿನ ಆಫೀಸಿಗೆ ಹೋಗುವ ಮುಂಚೆ ಅಲ್ಲಿಗೆ ಹೋದೆ. ಜೆಸಿಬಿ ಗೇಟಿನ ಹೊರಗೇ ನಿಂತಿತ್ತು. ಒಳಗೆ, ಆ ಯಾರದೋ ಕಟ್ಟೆಯ ಪಕ್ಕ, ಅತ್ತೆ ಕೂತಿದ್ದಳು.

"ನೌಕರಿಗೆ ಹೊತ್ತಾಗತೈತಿ, ಹೋಗವಾ" ಎಂದಳು. "ಸಂಜಿಗೆ ಬಂದು ನೀ ಕುಂದ್ರು. ನಾ ಮನಿಗೆ ಹೋಗಿ ರೊಟ್ಟಿ ಬಡೀಬೇಕು."

ಸಂಜೆ ಹೋಗಿ ಕೂತೆ.