ಕಡ ತಂದ ಪಟ್ಟೇದಂಚು

ನೇಕಾರರ ಮನೆಯಲ್ಲಿ ಕೈಮಗ್ಗದ ಸೀರೆ ಇರುವುದಿಲ್ಲ ಎಂಬುದು ಗಜೇಂದ್ರಗಡದಲ್ಲಿ ದನ ಕಾಯುವವರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಸರಕಾರಕ್ಕೆ ಮಾತ್ರ.

ನಾನು ನರಗುಂದದ ಕಡೆಯ ಮಗ್ಗದ ಮನೆಯಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ತವರಲ್ಲೂ ಗಿರಣಿ ಸೀರೆ, ಗಂಡನ ಮನೆಯಲ್ಲೂ ಗಿರಣಿ ಸೀರೆ. ನಾವು ಹೆಂಗಸರು ನೂಲು ಸುತ್ತಿ, ಗಂಜಿ ಹಾಕಿ ಕೊಡುತ್ತಿದ್ದೆವು. ಗಂಡಸರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಪಟ್ಟೇದಂಚಿನ ಸೀರೆ ನೇಯುತ್ತಿದ್ದರು. ಮೈತುಂಬ ಚೌಕಳಿ, ಎರಡೂ ಕಡೆ ಅಗಲವಾದ ಅಂಚು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಮಗ್ಗದಿಂದ ಇಳಿದ ದಿನವೇ ಅದು ಪೇಟೆಯ ಸಾಹುಕಾರರ ಅಂಗಡಿ ಸೇರುತ್ತಿತ್ತು. ಅದೇ ಅಂಗಡಿಯ ಇನ್ನೊಂದು ಕಪಾಟಿನಿಂದ ನಾವು ಹೂವಿನ ಗಿರಣಿ ಸೀರೆ ತಂದು ಉಡುತ್ತಿದ್ದೆವು. ಅದು ಹಗುರ, ಒಗೆದರೆ ಬೇಗ ಒಣಗುತ್ತದೆ, ಮೇಲೆ ಗುಲಾಬಿ ಬೇರೆ. ಸುಳ್ಳೇಕೆ ಹೇಳಲಿ, ನನಗೂ ಅದೇ ಇಷ್ಟವಿತ್ತು.

ಊರ ಹೆಂಗಸರಿಗೂ ಅದೇ ಇಷ್ಟವಾಗಿ ನಮ್ಮ ಸೀರೆ ಸಾಹುಕಾರರ ಕಪಾಟಿನಲ್ಲೇ ಕೂರತೊಡಗಿತು. ಅವರು ನೂಲು ಕೊಡುವುದನ್ನು ನಿಲ್ಲಿಸಿದರು. ಓಣಿಯಲ್ಲಿ ಒಂದೊಂದೇ ಮಗ್ಗದ ಸದ್ದು ಅಡಗಿತು. ನಮ್ಮ ಮನೆಯದೂ ಅಡಗಿತು. ಆಗ ಸರಕಾರಕ್ಕೆ ನಮ್ಮ ಮೇಲೆ ಕರುಣೆ ಬಂತು. ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಹಾಗಾಗಿ ಕರುಣೆ ಮುಂಬೈಯಲ್ಲಿ ಹುಟ್ಟಿ, ಧಾರವಾಡದ ಕಚೇರಿಯಲ್ಲಿ ಇಳಿದು, ರೋಣದ ಕಚೇರಿಯಲ್ಲಿ ಊಟ ಮಾಡಿ, ಮಲಗಿ ಎದ್ದು ನಮ್ಮ ಕಡೆ ಬರಬೇಕಾಗಿತ್ತು.

ಮೊದಲು ಬಂದದ್ದು ಕಾಯ್ದೆ. ಅಗಲ ಅಂಚಿನ ಸೀರೆಯನ್ನು ಇನ್ನು ಗಿರಣಿಯವರು ನೇಯುವಂತಿಲ್ಲ, ಅದು ಕೈಮಗ್ಗದವರ ಪಾಲು ಎಂದು ನಮ್ಮ ನೇಕಾರರ ಸಂಘದ ಸೆಕ್ರೆಟರಿ ಓಣಿಯಲ್ಲಿ ನಿಂತು ಓದಿ ಹೇಳಿದರು. ನಾವೆಲ್ಲ ಖುಷಿಪಟ್ಟೆವು. ಗಿರಣಿಯವರು ಕಾಯ್ದೆಗೆ ತಲೆಬಾಗಿ ಅಂಚನ್ನು ಬಿಟ್ಟುಕೊಟ್ಟರು, ಹೂವನ್ನು ದೊಡ್ಡದು ಮಾಡಿದರು. ಅಂಚು ನಮ್ಮ ಹತ್ತಿರ ಭದ್ರವಾಗಿ ಉಳಿಯಿತು, ಕೊಳ್ಳುವವರು ಹೂವಿನ ಹಿಂದೆ ಹೋದರು.

ಆಮೇಲೆ ಬಂದದ್ದು ಸಲಹೆ. ಪರದೇಶದ ಪೇಟೆಯಲ್ಲಿ ಪೈಪೋಟಿ ಮಾಡಬೇಕಾದರೆ ಸೀರೆ ಬಿಟ್ಟು ಮೇಜಿನ ಹಾಸು ನೇಯಿರಿ ಎಂದು ಅದರಲ್ಲಿತ್ತು. ಇಡೀ ಓಣಿಗೆ ಇದ್ದದ್ದು ಒಂದೇ ಮೇಜು, ಸಂಘದ್ದು. ಅದಕ್ಕೂ ಒಂದು ಕಾಲಿನ ಬದಲು ಕಲ್ಲು ಪೇರಿಸಿದ್ದರು. ಹತ್ತು ಜನ ನೇಕಾರರು ಅದರ ಸುತ್ತ ನಿಂತು, ಇದಕ್ಕೇಕೆ ಬಟ್ಟೆ ಹೊದಿಸಬೇಕು ಎಂದು ಬಹಳ ಹೊತ್ತು ಯೋಚಿಸಿದರು.

"ಅಲ್ಲಿ ಮಂದಿ ಮೇಜಿಗೂ ಸೀರಿ ಉಡಸ್ತಾರಂತ. ಚಳಿ ಭಾಳ ಇರಬೇಕು," ಎಂದರು ನಮ್ಮ ಅತ್ತೆ.

ನಮ್ಮ ಮನೆಯವರು ಮಾತ್ರ ನಗಲಿಲ್ಲ. ಅವರ ಗೆಳೆಯನೊಬ್ಬ ಸೋಲಾಪುರದ ಗಿರಣಿಯಲ್ಲಿದ್ದ, ಇಲ್ಲಿ ಜಾಗ ಖಾಲಿ ಇದೆ, ಬಾ ಎಂದು ಹೇಳಿ ಕಳಿಸಿದ್ದ. ಅವರು ಮಗ್ಗದ ಕುಣಿಯಲ್ಲಿ ಸುಮ್ಮನೆ ಕಾಲಿಟ್ಟು ಕುಳಿತಿದ್ದಾಗ ನನಗೆ ಆ ಮಾತು ಹೇಳಿದರು.

"ಗಿರಣಿಯಿಂದ ನಮ್ಮನ್ನ ಉಳಸಾಕ ಸರಕಾರ ಹೊಂಟೈತಿ. ಅದು ಬಂದು ಮುಟ್ಟೂತನಕಾ ನಾ ಗಿರಣಿಗೆ ಹೋಗಿರ್ತೀನಿ."

"ನೂಲು ಬಂದ್ರ ಹೋಗೂದಿಲ್ಲಲ್ರಿ?" ಎಂದೆ.

"ನೂಲು ಬಂದ್ರ ಯಾಕ ಹೋಗ್ಲಿ," ಎಂದರು.

ನಮ್ಮ ಮದುವೆಯಾಗಿ ಎರಡು ವರ್ಷವಾಗಿತ್ತು. ಮಗ್ಗ ಓಡುವಾಗ ಅವರು ಲಾಳಿ ಎಸೆಯುವುದು, ನಾನು ಎದುರಿಗೆ ಕುಳಿತು ನೂಲು ಸುತ್ತುವುದು, ನಡುವೆ ಅತ್ತೆಯ ಕಿವಿ ತಪ್ಪಿಸಿ ನಾಲ್ಕು ಮಾತು, ಇಷ್ಟೇ ನಮ್ಮ ಸಂಸಾರ. ಆ ಮಗ್ಗ ನಿಂತರೆ ನನ್ನ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಆ ದಿನದಿಂದ ನನಗೆ ನೂಲಿನದೇ ಧ್ಯಾನವಾಯಿತು.

ಸ್ವಲ್ಪ ದಿನಕ್ಕೆ ಸೆಕ್ರೆಟರಿ ರೋಣಕ್ಕೆ ಹೋಗಿ ಸುದ್ದಿ ತಂದರು. ಕೈಮಗ್ಗದ ವಾರ ಮಾಡುತ್ತಾರೆ, ಧಾರವಾಡದಿಂದ ಸಾಹೇಬರು ಬರುತ್ತಾರೆ, ಸಂಘವನ್ನು ನೋಡಿ ಮೆಚ್ಚಿದರೆ ಅಗ್ಗದ ದರದ ನೂಲಿನ ಗಂಟುಗಳನ್ನು ಮಂಜೂರು ಮಾಡುತ್ತಾರೆ. ಆದರೆ ಸಾಹೇಬರಿಗೆ ಒಂದು ಹುಚ್ಚು. ನೇಕಾರರೇ ಗಿರಣಿ ಬಟ್ಟೆ ತೊಟ್ಟದ್ದು ಕಂಡರೆ ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. ಯಾವುದೋ ಊರಲ್ಲಿ ಸಭೆಯನ್ನೇ ಬಿಟ್ಟು ಎದ್ದು ಹೋಗಿದ್ದರಂತೆ.

ಸಂಘದ ಕಟ್ಟೆಯ ಮೇಲೆ ಎಲ್ಲರೂ ತಲೆ ಮೇಲೆ ಕೈಹೊತ್ತು ಕುಳಿತರು. ಆಗ ನಾನು ಬಾಗಿಲ ಮರೆಯಿಂದ ಬಾಯಿ ಹಾಕಿದೆ.

"ಕಾಕಾ, ನಾವು ನೇದಿದ್ದು ಸಾವಕಾರ್ರ ಕಪಾಟಿನಾಗ ಐತೆಲ್ಲ. ಒಂದ ದಿನಕ್ಕ ಕಡ ಇಸಗೊಂಡು ಬರ್ರಿ. ಉಟ್ಟು ನಿಂತು, ಸಂಜಿಗೆ ವಾಪಸ್ ಕೊಡೂಣು."

ಸೆಕ್ರೆಟರಿ ಕಾಕಾ ನನ್ನ ಕಡೆ ತಿರುಗಿ, "ಯವ್ವಾ, ನೀ ಗಂಡಸಾಗಿದ್ರ ಮಂತ್ರಿ ಆಗ್ತಿದ್ದಿ ನೋಡು," ಎಂದರು. ನಾನು ಉಬ್ಬಿಹೋದೆ. ಈ ಮಾತನ್ನು ಮುಚ್ಚಿಡುವುದಿಲ್ಲ, ಆ ಉಪಾಯ ನನ್ನದೇ.

ಸಾಹುಕಾರರು ಒಳ್ಳೆಯವರೇ. ಮಾರಾಟವಾಗದೆ ಕೂತ ಸೀರೆಗಳನ್ನು ಸಾಹೇಬರು ಕಂಡರೆ ತಮಗೂ ಏನಾದರೂ ಲಾಭವಾದೀತೆಂದು ಎಂಟು ಸೀರೆ ಕೊಟ್ಟರು. ಜೊತೆಗೆ ಷರತ್ತು ಕೊಟ್ಟರು. ಸೀರೆ ಉಟ್ಟು ಕೂರಬಾರದು, ಕೂಸನ್ನು ಎತ್ತಿಕೊಳ್ಳಬಾರದು, ಬೆವರಬಾರದು, ಬಿಚ್ಚಿದ ಮೇಲೆ ಅದೇ ಮಡಿಕೆಗೆ ಮಡಚಿ ಕೊಡಬೇಕು. ನೀರು ಕಾಣದ ಹೊಸ ಸೀರೆಗಳವು. ಗಂಜಿ ಹಾಗೇ ಇತ್ತು. ಉಟ್ಟು ಹೆಜ್ಜೆ ಇಟ್ಟರೆ ತಗಡಿನ ಸದ್ದು ಬರುತ್ತಿತ್ತು. ಎಂಟು ಮಂದಿ ಹೆಂಗಸರು ಸಂಘದ ಅಂಗಳದಲ್ಲಿ ಗೋಡೆಗೆ ತಾಗದಂತೆ ಸಾಲಾಗಿ ನಿಂತೆವು. ಹುಟ್ಟಿದಾಗಿನಿಂದ ಕೈಮಗ್ಗ ನೋಡಿದವರು, ಮೊದಲ ಸಲ ಕೈಮಗ್ಗ ಉಟ್ಟೆವು.

ಸಾಹೇಬರು ಜೀಪಿನಿಂದ ಇಳಿದರು. ಜೊತೆಗೆ ಅವರ ಹೆಂಡತಿಯೂ ಬಂದಿದ್ದರು. ನಮ್ಮನ್ನು ನೋಡಿದ ಸಾಹೇಬರ ಕಣ್ಣು ತೇವವಾಯಿತು.

"ಇದು, ಇದು ನಾನು ನೋಡಬೇಕೆಂದಿದ್ದು," ಎಂದು ಸೆಕ್ರೆಟರಿಯ ಬೆನ್ನು ತಟ್ಟಿದರು. "ತಾಯಂದಿರೇ, ಕುಳಿತುಕೊಳ್ಳಿ."

ಯಾರೂ ಕೂರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಸಾಹುಕಾರರು ನಮ್ಮ ಸೊಂಟದ ಮೇಲೇ ಕಣ್ಣಿಟ್ಟಿದ್ದರು. ಸಾಹೇಬರು ಮತ್ತೊಮ್ಮೆ ಹೇಳಿದರು. ನಾವು ಇನ್ನೂ ನೆಟ್ಟಗಾದೆವು.

"ಸಾಹೇಬ್ರ ಮುಂದ ನಮ್ಮ ಹೆಣ್ಮಕ್ಕಳು ಕುಂದ್ರೂದಿಲ್ರಿ," ಎಂದರು ಸೆಕ್ರೆಟರಿ.

ಸಾಹೇಬರು ಇಂಥ ವಿನಯವನ್ನು ತಾವು ಎಲ್ಲೂ ಕಂಡಿಲ್ಲವೆಂದರು. ಆಮೇಲೆ ಭಾಷಣ ಸುರುವಾಯಿತು. ನೇಕಾರನ ಉದ್ಯೋಗ ಕಾಪಾಡುವುದು ಸರಕಾರದ ಧರ್ಮ, ಗುಣಮಟ್ಟ ಹೆಚ್ಚಬೇಕು, ಖರ್ಚು ತಗ್ಗಬೇಕು, ಜಪಾನಿನ ಬಟ್ಟೆಯ ಎದುರು ಗಜೇಂದ್ರಗಡದ ಬಟ್ಟೆ ನಿಲ್ಲಬೇಕು ಎಂದರು. ಜಪಾನಿನ ಮಾತು ಹಾಗಿರಲಿ, ಬಿಸಿಲಿಗೆ ನಾವೇ ನಿಲ್ಲುವುದು ಕಷ್ಟವಾಗಿತ್ತು. ನನ್ನ ಪಕ್ಕದವಳ ಕೂಸು ಅತ್ತು ಅತ್ತು ಬಂದು ಅವಳ ಕಾಲು ಹಿಡಿಯಲು ಹೋದರೆ ಅವಳು ಕಾಲು ಹಿಂದೆ ಎಳೆದುಕೊಂಡಳು. ಆ ಕೂಸಿನ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಕೊನೆಗೆ ಪದ್ಧತಿಯಂತೆ ಸಾಹೇಬರ ಹೆಂಡತಿಗೆ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ ಇಟ್ಟ ಹರಿವಾಣ ತಂದರು. ಆ ತಾಯಿ ಹರಿವಾಣವನ್ನು ಕೈಯಲ್ಲಿ ಇಸಿದುಕೊಂಡು ನಮ್ಮ ಸಾಲಿನ ಕಡೆ ತಿರುಗಿದರು.

"ನನಗ ಯಾಕ್ರಿ ಮೊದಲು. ನೇಯುವ ಮನಿ ಲಕ್ಷ್ಮ್ಯಾರು ಹೊಸಾ ಸೀರಿ ಉಟ್ಟು ನಿಂತಾರ. ಅವರಿಗೆ ನಾನ ತುಂಬ್ತೀನಿ. ಸೆರಗು ಒಡ್ರಿ," ಎಂದರು.

ನಾವು ಎಂಟೂ ಮಂದಿ ಸಾಹುಕಾರರ ಕಡೆ ನೋಡಿದೆವು. ಉಡಿ ತುಂಬುವುದೆಂದರೆ ಬರೀ ಅಕ್ಕಿ ಹಾಕುವುದಲ್ಲ. ಹೊಸ ಸೀರೆಯ ಸೆರಗಿನಲ್ಲಿ ಮುತ್ತೈದೆ ಉಡಿ ತುಂಬಿದಳೆಂದರೆ ಆ ಸೀರೆ ಉಟ್ಟವಳದೇ ಆಯಿತು. ಅದನ್ನು ಬಿಚ್ಚಿ ಇನ್ನೊಬ್ಬರಿಗೆ ಕೊಡುವವರಿಲ್ಲ, ತಗೊಳ್ಳುವವರೂ ಇಲ್ಲ. ಬೇಡ ಎಂದು ಸೆರಗು ಹಿಂದೆ ಸರಿಸುವುದು ಅದಕ್ಕಿಂತ ದೊಡ್ಡ ಅಪಶಕುನ. ತಡೆಯಲೆಂದು ಸಾಹುಕಾರರ ಕೈ ಅರ್ಧ ಮೇಲೆದ್ದಿತು. ಅಷ್ಟರಲ್ಲಿ ಸಾಹೇಬರು ಆ ಕಡೆ ನೋಡಿದರು. ಎದ್ದ ಕೈ ಇನ್ನೊಂದು ಕೈಯನ್ನು ಕರೆದುಕೊಂಡು ನಮಸ್ಕಾರವಾಯಿತು.

ಎಂಟೂ ಸೆರಗಿನಲ್ಲಿ ಹಿಡಿ ಹಿಡಿ ಅಕ್ಕಿ ಬಿತ್ತು. ಅರಿಷಿಣದ ಬೆರಳು ಸೀರೆಗಳ ಅಂಚಿನ ಮೇಲೆ ಮೂಡಿತು.

ಜೀಪು ಹೋದ ಮೇಲೆ ಸೆಕ್ರೆಟರಿ ಕಾಕಾ ತಲೆ ತಗ್ಗಿಸಿ ಸಾಹುಕಾರರ ಮುಂದೆ ನಿಂತರು. ಸಾಹುಕಾರರು ಅರಿಷಿಣ ಮೆತ್ತಿದ ಅಂಚುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ಉಡಿ ತುಂಬಿದ್ದನ್ನ ಕಸಗೊಂಡು ನಾ ಯಾವ ನರಕಕ್ಕ ಹೋಗ್ಲಿ. ಇಟಗೊಳ್ರಿ," ಎಂದು ಟೊಪ್ಪಿಗೆ ಸರಿಮಾಡಿಕೊಂಡು ಹೊರಟುಹೋದರು. ಅಂದಿನಿಂದ ಅವರ ಅಂಗಡಿಯಲ್ಲಿ ಕಡ ಎಂಬ ಮಾತಿಗೆ ಉತ್ತರ ಸಿಗುವುದು ನಿಂತಿತು.

ನಾನು ಕುಣಿದಾಡುವುದೊಂದು ಬಾಕಿ. ಸೀರೆಯೂ ಸಿಕ್ಕಿತು, ಸಾಹೇಬರೂ ಮೆಚ್ಚಿದರು, ಇನ್ನು ನೂಲು ಬಂದೇ ಬರುತ್ತದೆ ಎಂದು ಮಗ್ಗದ ಮೇಲಿನ ಧೂಳು ಒರೆಸಿ, ಕುಣಿ ಸಾರಿಸಿದೆ. ಮನೆಯವರು ಸೋಲಾಪುರದ ಮಾತು ಎತ್ತಲಿಲ್ಲ.

ಒಂದು ದಿನ ನನ್ನ ಅಣ್ಣ ತವರಿನಿಂದ ಬಂದ. ಅವನ ಮುಖದಲ್ಲಿ ಕಳೆ ಇತ್ತು. ಸಾಹೇಬರು ನಮ್ಮಲ್ಲಿಂದ ಮರುದಿನ ನನ್ನ ತವರೂರಿಗೂ ಹೋಗಿದ್ದರಂತೆ.

"ನಮ್ಮ ಕಡೆ ಯಾವ ಸಾವಕಾರನೂ ಕಡ ಕೊಡಲಿಲ್ಲ ತಂಗಿ. ಹರಕ ಗಿರಣಿ ಧೋತರದಾಗ ನಿಂತ್ವಿ. ಸಾಹೇಬ್ರು ಸಿಟ್ಟಿಗೇಳ್ತಾರಂತ ಅಂಜಿದ್ವಿ. ಅವರು ಹರಕ ನೋಡಿ ಅತ್ತ ಬಿಟ್ರು. ನೂಲು ಬಂತು," ಎಂದ.

ಅದೇ ವಾರ ನಮ್ಮ ಸಂಘಕ್ಕೂ ಕಾಗದ ಬಂತು. ಸೆಕ್ರೆಟರಿ ಕಾಕಾ ಅದನ್ನು ಕಟ್ಟೆಯ ಮೇಲೆ ಓದಿದರು. ಗಜೇಂದ್ರಗಡದ ನೇಕಾರರು ಕೈಮಗ್ಗದ ಬಗ್ಗೆ ತೋರಿದ ಅಭಿಮಾನ ಶ್ಲಾಘನೀಯ. ಸದಸ್ಯರ ಮನೆಯ ಹೆಂಗಸರೆಲ್ಲರೂ ಬೆಲೆಬಾಳುವ ಹೊಸ ಸೀರೆ ಉಟ್ಟಿದ್ದು ಕಂಡುಬಂದಿರುವುದರಿಂದ ಇವರ ಸ್ಥಿತಿ ಉತ್ತಮವಾಗಿದೆ. ಪರಿಹಾರದ ನೂಲು ಇವರಿಗೆ ಸದ್ಯ ಅವಶ್ಯವಿಲ್ಲ. ಕೊನೆಯಲ್ಲಿ ಮೇಜಿನ ಹಾಸಿನ ಬಗ್ಗೆ ಮತ್ತೊಮ್ಮೆ ನೆನಪಿಸಿದ್ದರು.

ಕಾಕಾ ಕಾಗದ ಮಡಚುವಾಗ ನನ್ನ ಕಡೆ ನೋಡಲಿಲ್ಲ. ಮಂತ್ರಿಯ ಮಾತೂ ಮತ್ತೆ ಎತ್ತಲಿಲ್ಲ. ನಾನು ಒಳಗೆ ಹೋಗಿ ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ನನ್ನ ಗಂಡನನ್ನು ಊರು ಬಿಡಿಸಿದ್ದು ಗಿರಣಿಯೂ ಅಲ್ಲ, ಸಾಹೇಬರೂ ಅಲ್ಲ, ನನ್ನ ಅತಿ ಜಾಣತನ ಎಂದು ಆಗ ಅನಿಸಿತು. ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಅವರನ್ನು ಸೋಲಾಪುರಕ್ಕೆ ಕಳಿಸಲು ಹೊಳೆಆಲೂರಿನ ಸ್ಟೇಷನ್ನಿನ ತನಕ ಹೋದೆ. ಬೇರೆ ಒಳ್ಳೆಯ ಸೀರೆ ಇರಲಿಲ್ಲವಾದ್ದರಿಂದ ಅದೇ ಪಟ್ಟೇದಂಚು ಉಟ್ಟಿದ್ದೆ. ರೈಲು ಬರುವುದಕ್ಕೆ ಹೊತ್ತಿತ್ತು. ಅವರು ನನ್ನ ಸೆರಗಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತ ನಿಂತರು.

"ಇದು ನಾನ ನೇದಿದ್ದು," ಎಂದರು. "ಇಲ್ಲಿ ನೋಡು, ಒಂದ ಎಳಿ ತಪ್ಪೇತಿ. ನೀ ಎದುರಿಗೆ ಕುಂತು ಏನೋ ಹೇಳಿ ನಗಿಸಿದ್ದಿ."

ಎರಡು ವರ್ಷ ಅವರ ಎದುರಿಗೆ ಕುಳಿತು ನೂಲು ಸುತ್ತಿದವಳು, ಅವರು ನೇಯ್ದದ್ದನ್ನು ಉಟ್ಟು ಅವರ ಮುಂದೆ ನಿಂತದ್ದು ಅದೇ ಮೊದಲು. ತಪ್ಪಿದ ಆ ಎಳೆಯ ಮೇಲೆ ನಾನೂ ಬೆರಳಿಟ್ಟು ನೋಡಿದೆ. ರೈಲು ಬಂತು, ಹತ್ತಿದರು, ಹೋದರು. ಸೋಲಾಪುರದಲ್ಲಿ ಅವರಿಗೆ ಹೂವಿನ ಸೀರೆ ನೇಯುವ ಯಂತ್ರ ಕೊಟ್ಟರಂತೆ.

ಮುಂದೆ ರಾಜ್ಯ ಒಂದಾಯಿತು. ನಾವು ಮುಂಬೈ ಬಿಟ್ಟು ಮೈಸೂರಿಗೆ ಸೇರಿದೆವು. ಹೊಸ ರಾಜ್ಯದ ಇನ್ಸ್‌ಪೆಕ್ಟರ್ ಒಬ್ಬರು ಹಳೆಯ ಲೆಕ್ಕದ ವಹಿ ಹಿಡಿದು, ಸರಕಾರ ಉಳಿಸಿದ ಉದ್ಯೋಗಗಳನ್ನು ಎಣಿಸಲು ಓಣಿಗೆ ಬಂದರು. ಮಗ್ಗ ಕಡಿಮೆಯಾದರೆ ಸಂಘವನ್ನೇ ಮುಚ್ಚುತ್ತಾರೆಂದು ಸೆಕ್ರೆಟರಿ ಕಾಕಾ ಮೊದಲೇ ನನಗೆ ಹೇಳಿದ್ದರು. ಇನ್ಸ್‌ಪೆಕ್ಟರರು ನಮ್ಮ ಮನೆಯ ಮಗ್ಗದ ಮುಂದೆ ನಿಂತರು. ನಾನು ಸಾರಿಸಿ ಇಟ್ಟಿದ್ದರಿಂದ ಅದು ಓಡುವ ಮಗ್ಗದಂತೆಯೇ ಕಾಣುತ್ತಿತ್ತು.

"ಇದನ್ನ ನೇಯುವವರು ಎಲ್ಲಿ?" ಎಂದು ಕೇಳಿದರು.

"ಪ್ಯಾಟಿಗೆ ಹೋಗ್ಯಾನ್ರಿ," ಎಂದರು ಕಾಕಾ. "ಸಂಜಿಗೆ ಬರ್ತಾನ."

ಇನ್ಸ್‌ಪೆಕ್ಟರರು ನನ್ನ ಮುಖ ನೋಡಿದರು. ನಾನು ಹೌದ್ರಿ ಎಂದೆ. ಅವರು ವಹಿಯಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋದರು.

ಅದು ಸುಳ್ಳೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೂ ಆ ಸಂಜೆ ರೊಟ್ಟಿ ಬಡಿಯುವಾಗ ಎರಡು ರೊಟ್ಟಿ ಹೆಚ್ಚಿಗೆ ಬಡಿದೆ. ಅತ್ತೆ ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಆ ಎರಡು ರೊಟ್ಟಿಗಳ ಮೇಲೆ ಬಟ್ಟೆ ಮುಚ್ಚಿಟ್ಟರು.